ಡೈ ಹಚ್ಚಿದ ಮರುದಿನ ಹಣೆ ತುರಿಕೆ, ‘ಹರ್ಬಲ್’ ಪ್ಯಾಕೆಟ್‌ಗೂ ಅದೇ ಗತಿ: ಏನು ಮಾಡೋದು?

ಕೇಳಿದವರು: ಅಮ್ಮನಿಗೆ 58 ವರ್ಷ. ತಿಂಗಳಿಗೊಮ್ಮೆ ಪುಡಿ ಡೈ ಹಚ್ಚಿಕೊಳ್ತಾರೆ. ಹತ್ತು ವರ್ಷ ಏನೂ ಆಗಿರಲಿಲ್ಲ. ಈಗ ಹಚ್ಚಿದ ಎರಡನೇ ದಿನ ಹಣೆಯ ಅಂಚು, ಕಿವಿಯ ಹಿಂದೆಲ್ಲ ತುರಿಕೆ, ಕಣ್ಣಿನ ರೆಪ್ಪೆ ಊತ. ‘ಅಮೋನಿಯಾ ಇಲ್ಲ, ಹರ್ಬಲ್ ಕಪ್ಪು ಮೆಹಂದಿ’ ಅಂತ ಬರೆದ ಪ್ಯಾಕೆಟ್‌ಗೆ ಬದಲಾಯಿಸಿದ್ರೂ ಹಾಗೇ ಆಯ್ತು. ಬಿಳಿಕೂದಲು ಬಿಡೋಕೆ ಅವರು ಸುತಾರಾಂ ಒಪ್ಪಲ್ಲ. ತಿಳಿದವರು ದಾರಿ ಹೇಳಿ.

ಚರ್ಮರೋಗ ವೈದ್ಯೆ: ನೀವು ಹೇಳಿದ ಜಾಗಗಳನ್ನು ನೋಡಿದರೆ ಮೊದಲ ಅನುಮಾನ ಡೈಗೆ ಕಪ್ಪು ಬಣ್ಣ ಕೊಡುವ ರಾಸಾಯನಿಕ ಪಿಪಿಡಿ, ಅಂದರೆ ಪ್ಯಾರಾ-ಫಿನೈಲೀನ್‌ಡೈಅಮೀನ್ ಮೇಲೆ. ನೆತ್ತಿಯ ಚರ್ಮ ದಪ್ಪ, ಅಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಹಣೆ, ಕಿವಿ, ಕತ್ತು, ರೆಪ್ಪೆಯಲ್ಲಿ ಸಿಡಿಯುತ್ತದೆ. ಇದು ನಿಧಾನದ ಅಲರ್ಜಿ: ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ. ಹತ್ತು ವರ್ಷ ತಡೆದುಕೊಂಡಿದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ದೇಹ ಅದನ್ನು ಗುರುತು ಹಿಡಿಯಿತೆಂದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ, ಪ್ರತಿಸಲವೂ ಜೋರಾಗುತ್ತ ಹೋಗಬಹುದು. ಮುಖ ಪೂರ್ತಿ ಊದಿಕೊಂಡರೆ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಕಿವಿಯ ಹಿಂದೆ ಹಚ್ಚಿ 24 ಗಂಟೆ ನೋಡಿ ಎಂದು ಪ್ಯಾಕೆಟ್ ಮೇಲೆ ಇರುತ್ತದಲ್ಲ, ಅದು ಇನ್ನೂ ತೊಂದರೆ ಆಗದವರಿಗೆ. ಅಮ್ಮನವರಿಗೆ ಮನೆಯಲ್ಲಿ ಆ ಪರೀಕ್ಷೆ ಮಾಡಲೇಬೇಡಿ. ಆಸ್ಪತ್ರೆಯಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ: ಪೆಟ್ರೋಲಿಯಂ ಜೆಲ್ಲಿಯಲ್ಲಿ ಬೆರೆಸಿದ 1% ಪಿಪಿಡಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆಗೆ ತೆಗೆಯುತ್ತಾರೆ, ಆಗೊಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು, ಬೆವರು ತಾಗಬಾರದು.

ಕಾಸ್ಮೆಟಿಕ್ ಕೆಮಿಸ್ಟ್: ಆ ‘ಹರ್ಬಲ್’ ಪ್ಯಾಕೆಟ್ ತಿರುಗಿಸಿ, ಸಣ್ಣಕ್ಷರ ಓದಿ. ಪಿಪಿಡಿಗೆ ವೇಷ ಹಲವು: ಪಿ-ಫಿನೈಲೀನ್‌ಡೈಅಮೀನ್, 1,4-ಬೆಂಜೀನ್‌ಡೈಅಮೀನ್, ಪ್ಯಾರಾ-ಡೈಅಮಿನೋಬೆಂಜೀನ್, ಸಿಐ 76060. ಜೊತೆಗೆ ಬೇರಿಯಂ ಪೆರಾಕ್ಸೈಡ್ ಅಥವಾ ಸೋಡಿಯಂ ಪರ್ಬೋರೇಟ್ ಇದ್ದರೆ ಅನುಮಾನವೇ ಬೇಡ. ಬಣ್ಣ ಕಪ್ಪಾಗಲು ಇಂಥ ಆಕ್ಸಿಡೈಸರ್, ಅಂದರೆ ಆಮ್ಲಜನಕ ಒದಗಿಸುವ ವಸ್ತು ಬೇಕು. ಅದನ್ನು ಪುಡಿಯಲ್ಲೇ ಬೆರೆಸಿರುವುದರಿಂದ ಬರೀ ನೀರಲ್ಲಿ ಕಲಸಿದರೆ ಸಾಕಾಗುತ್ತದೆ. ಅದನ್ನೇ ಜನ ‘ನೈಸರ್ಗಿಕ’ ಅಂದುಕೊಳ್ಳುತ್ತಾರೆ. ‘ಅಮೋನಿಯಾ ಇಲ್ಲ’ ಎಂದರೆ ಹೆಚ್ಚಾಗಿ ಅದರ ಜಾಗದಲ್ಲಿ ಮೊನೊಎಥನಾಲಮೀನ್ ಎಂಬ ಇನ್ನೊಂದು ಕ್ಷಾರ ಬಂದಿದೆ ಎಂದಷ್ಟೇ. ಮೂಗಿಗೆ ಆರಾಮ, ಅಲರ್ಜಿಗೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕಾನೂನಿನ ಪ್ರಕಾರ ಇಂಥ ಡೈ ಮೇಲೆ ಎಚ್ಚರಿಕೆ ಮುದ್ರಿಸಲೇಬೇಕು: ಚರ್ಮ ಕೆರಳಬಹುದು, ಮೊದಲು ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಅಂತ. ಆ ಸಾಲು ಕಂಡಿತೋ, ಮುಂದೆ ಎಲೆ ಹೂವಿನ ಚಿತ್ರ ಎಷ್ಟಿದ್ದರೂ ಕೆಳಗಿಡಿ. ಮೀಸೆಗೆ ಹಚ್ಚುವ ಪುಟ್ಟ ಬಾಟಲಿಗೂ ಇದೇ ಮಾತು.

ಪಾರ್ಲರ್ ನಡೆಸುವವರು: ಪಿಪಿಡಿ ಇಲ್ಲದ ಟ್ಯೂಬ್ ಕಲರ್ ಸಿಗುತ್ತೆ, ಅದನ್ನು ನೋಡಬಹುದಲ್ಲ ಡಾಕ್ಟರೇ?

ಚರ್ಮರೋಗ ವೈದ್ಯೆ: ಅದರಲ್ಲಿ ಹೆಚ್ಚಾಗಿ ಇರುವುದು ಟಾಲ್ವೀನ್-2,5-ಡೈಅಮೀನ್, ಪಿಪಿಡಿಯ ದಾಯಾದಿ. ಪಿಪಿಡಿ ಒಗ್ಗದ ಅನೇಕರಿಗೆ ಇದೂ ಒಗ್ಗುವುದಿಲ್ಲ. ಪ್ಯಾಚ್ ಟೆಸ್ಟ್‌ನಲ್ಲಿ ಅದನ್ನೂ ಸೇರಿಸಿ ನೋಡದೆ ಕೈ ಹಾಕಬೇಡಿ.

ಪಾರ್ಲರ್ ನಡೆಸುವವರು: ಹಾಗಾದರೆ ಗೋರಂಟಿ, ಆಮೇಲೆ ನೀಲಿ ಎಲೆ (ಇಂಡಿಗೊ) ಪುಡಿ. ಎರಡು ಹಂತ, ಅರ್ಧ ದಿನದ ಕೆಲಸ. ಭುಜದವರೆಗಿನ ಕೂದಲಿಗೆ ಗೋರಂಟಿ ಪುಡಿ 100 ಗ್ರಾಂ, ಉಗುರುಬೆಚ್ಚಗಿನ ನೀರು ಸುಮಾರು 300 ಎಂಎಲ್, ಅರ್ಧ ನಿಂಬೆಹಣ್ಣಿನ ರಸ. ಗಟ್ಟಿ ಮೊಸರಿನ ಹದಕ್ಕೆ ಕಲಸಿ, ಮುಚ್ಚಿ, ಎಂಟು ಗಂಟೆ ಬಿಡಿ. ಎಣ್ಣೆ ಇಲ್ಲದ, ತೊಳೆದು ಒಣಗಿಸಿದ ಕೂದಲಿಗೆ ಬುಡದಿಂದ ಹಚ್ಚಿ, ಮೂರು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ತಲೆ ಕಿತ್ತಳೆಯಾಗಿ ಕಂಡರೆ ಗಾಬರಿ ಬೇಡ, ಅದೇ ಬೇಕಾದದ್ದು.

ಆಮೇಲೆ ನೀಲಿ ಪುಡಿ 100 ಗ್ರಾಂ, ಚಿಟಿಕೆ ಉಪ್ಪು, ಉಗುರುಬೆಚ್ಚಗಿನ ನೀರು. ಇದಕ್ಕೆ ನಿಂಬೆ ಹಾಕಬೇಡಿ, ರಾತ್ರಿಯಿಡೀ ನೆನೆಸಬೇಡಿ. 10–15 ನಿಮಿಷಕ್ಕೆ ಮೇಲ್ಪದರ ಕಡುನೀಲಿಯಾಗುತ್ತೆ, ಕೂಡಲೇ ಹಚ್ಚಬೇಕು. ಒಂದೂವರೆ ಗಂಟೆ ಬಿಟ್ಟು ತೊಳೆಯಿರಿ, ಎರಡು ದಿನ ಶಾಂಪೂ ಬೇಡ. ಬಣ್ಣ ಪೂರ್ತಿ ಕೂರೋಕೂ ಆ ಎರಡು ದಿನ ಬೇಕು.

ಕೆಡೋದು ಎಲ್ಲಿ ಅಂದ್ರೆ: ಎರಡನ್ನೂ ಒಂದೇ ಬಟ್ಟಲಲ್ಲಿ ರಾತ್ರಿ ಕಲಸಿಟ್ಟರೆ ನೀಲಿ ಸತ್ತುಹೋಗುತ್ತೆ, ಕಂದು ಮಾತ್ರ ಉಳಿಯುತ್ತೆ. ಗೋರಂಟಿ ಬಿಟ್ಟು ಬಿಳಿಕೂದಲಿಗೆ ನೇರ ನೀಲಿ ಹಚ್ಚಿದರೆ ಹಸಿರು-ನೀಲಿ ಛಾಯೆ. ಹಳೇ ಪುಡಿ ಹಿಡಿಯಲ್ಲ.

ಕೇಳಿದವರು: ಗೋರಂಟಿಗೆ ಮೊಸರು, ಮೊಟ್ಟೆ ಹಾಕಬಹುದಾ? ಅಂಗಡಿ ಗೋರಂಟಿಯಲ್ಲೂ ಅದೇ ಕೆಮಿಕಲ್ ಇದ್ರೆ? ಮತ್ತೆ ಅಮ್ಮನ ಹಣೆ ಕೆನ್ನೆ ಕಪ್ಪಾಗಿದೆ, ಬಂಗು ಅಂತ ಮೆಡಿಕಲ್‌ನವರು ಒಂದು ಕ್ರೀಂ ಕೊಟ್ರು.

ಪಾರ್ಲರ್ ನಡೆಸುವವರು: ಮೊಸರು, ಮೊಟ್ಟೆ ಬೇಡ, ಬಣ್ಣ ಹಿಡಿಯೋದು ಕಡಿಮೆಯಾಗುತ್ತೆ.

ಕಾಸ್ಮೆಟಿಕ್ ಕೆಮಿಸ್ಟ್: ನಿಜವಾದ ಗೋರಂಟಿ, ಕರಾವಳಿಯವರ ಮದರಂಗಿ, ಮೊದಲು ಕಿತ್ತಳೆ ಬಣ್ಣ ಬಿಟ್ಟು ಒಂದೆರಡು ದಿನದಲ್ಲಿ ಕಂದಾಗುತ್ತದೆ. ಕಪ್ಪು ಗೋರಂಟಿ ಎಂಬ ಎಲೆಯೇ ಇಲ್ಲ. ಅನುಮಾನದ ಪುಡಿಯನ್ನು ಅಮ್ಮನವರ ಮೈಮೇಲಲ್ಲ, ಬಾಚಣಿಗೆಯಲ್ಲಿ ಉದುರಿದ ಬಿಳಿಕೂದಲಿನ ಗೊಂಚಲ ಮೇಲೆ ನೋಡಿ: ಅರ್ಧ ಗಂಟೆಯಲ್ಲಿ ಕಪ್ಪಾದರೆ ಎಸೆಯಿರಿ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ, ಹಸುಗೂಸುಗಳಿಗೆ ಶುದ್ಧ ಗೋರಂಟಿಯೂ ಬೇಡ, ರಕ್ತಕಣ ಒಡೆಯುವ ಅಪಾಯವಿದೆ.

ಚರ್ಮರೋಗ ವೈದ್ಯೆ: ಆ ಕಪ್ಪು ಬಂಗೇ ಆಗಿರಬೇಕೆಂದಿಲ್ಲ. ಡೈ ಅಲರ್ಜಿಯೂ ಹೀಗೆ ಕಲೆ ಬಿಡುತ್ತದೆ. ಡೈ ನಿಲ್ಲಿಸಿದರೂ ತಿಳಿಯಾಗಲು ತಿಂಗಳುಗಟ್ಟಲೆ ಬೇಕು. ಕ್ರೀಂ ಟ್ಯೂಬ್‌ನಲ್ಲಿ ಮೊಮೆಟಸೋನ್, ಬೀಟಾಮೆಥಸೋನ್, ಕ್ಲೊಬೆಟಸಾಲ್ ಎಂದು ಇದೆಯೇ ನೋಡಿ. ಇವು ಸ್ಟೀರಾಯ್ಡ್, ಚೀಟಿ ಇಲ್ಲದೆ ಮಾರುವಂತಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತದೆ. ಬಹಳ ದಿನದಿಂದ ಹಚ್ಚುತ್ತಿದ್ದರೆ ಥಟ್ಟನೆ ನಿಲ್ಲಿಸಿದಾಗಲೂ ಉರಿ ಜೋರಾಗುತ್ತದೆ, ಹಾಗಾಗಿ ಟ್ಯೂಬ್ ಸಮೇತ ವೈದ್ಯರ ಬಳಿ ಹೋಗಿ. ಗೋರಂಟಿಯನ್ನೂ ಈಗಿನ ತುರಿಕೆ, ಸಿಪ್ಪೆ ಪೂರ್ತಿ ವಾಸಿಯಾದ ಮೇಲೆಯೇ ಶುರು ಮಾಡಿ.

ಪಾರ್ಲರ್ ನಡೆಸುವವರು: ಹಳೇ ಡೈ ಬ್ರಷ್, ಬಟ್ಟಲು ಬಿಸಾಕಿ. ಮುಂದಿನ ಸಲದಿಂದ ಬುಡಕ್ಕೆ ಮಾತ್ರ, 40 ಗ್ರಾಂ ಸಾಕು.