ಎಂಆರ್‌ಐಯಲ್ಲಿ ಎಸಿಎಲ್ ಹರಿದಿದೆ, ಮಂಡಿ ಜಾರುತ್ತಿಲ್ಲ: ಯಾರಿಗಾದರೂ ಹೀಗಾಗಿತ್ತಾ?

ಅಮ್ಮನಿಗೆ 52 ವರ್ಷ. ಬಿದ್ದಿಲ್ಲ, ಉಳುಕಿಲ್ಲ. ಆರು ತಿಂಗಳಿಂದ ಮಂಡಿಯ ಹಿಂದೆ ನೋವು, ಕಾಲು ಪೂರ್ತಿ ಮಡಚಲು ಆಗುತ್ತಿಲ್ಲ. ಎಂಆರ್‌ಐ ರಿಪೋರ್ಟ್‌ನಲ್ಲಿ ಎಸಿಎಲ್ (ಮಂಡಿಯೊಳಗೆ ತೊಡೆ ಮೂಳೆ, ಕೆಳಗಿನ ಮೂಳೆ ಎರಡನ್ನೂ ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ನಾರಿನ ಪಟ್ಟಿ) ಹರಿದಿದೆ ಅಂತಿದೆ. ಹೊಸ ಲಿಗಮೆಂಟ್ ಕೂರಿಸಬೇಕು ಅಂದಿದ್ದಾರೆ. ಅನುಭವ ಇದ್ದವರು ಹೇಳಿ.

ಉತ್ತರ 1:
ನನ್ನ ರಿಪೋರ್ಟ್‌ನಲ್ಲೂ ಹೀಗೇ ಇತ್ತು. ಎರಡನೇ ಡಾಕ್ಟರು ಫಿಲ್ಮ್ ಪಕ್ಕಕ್ಕಿಟ್ಟು ಮೊದಲು ಮಂಡಿ ನೋಡಿದರು. ಕಾಲನ್ನು 20-30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದರು. ಹಗ್ಗ ಬಿಗಿದ ಹಾಗೆ ಗಕ್ಕನೆ ನಿಂತಿತು. "ಪೂರ್ತಿ ಹರಿದಿದ್ರೆ ಹೀಗೆ ನಿಲ್ಲಲ್ಲ" ಅಂದರು. ಇದಕ್ಕೆ ಲ್ಯಾಕ್‌ಮನ್ ಟೆಸ್ಟ್ ಅಂತಾರೆ.

ಆಮೇಲೆ ಫಿಲ್ಮ್ ತೋರಿಸಿದರು. ಲಿಗಮೆಂಟ್ ದಪ್ಪಗೆ, ಬೆಳ್ಳಗೆ ಊದಿತ್ತು. ಆದರೆ ಎಳೆಗಳು ಎಲ್ಲೂ ತುಂಡಾಗಿರಲಿಲ್ಲ. ರೇಡಿಯಾಲಜಿಯವರು ಇದನ್ನು ಉದ್ದಕ್ಕೂ ಗೆರೆಗೆರೆ ಇರುವ ಸೆಲರಿ ಸೊಪ್ಪಿನ ದಂಟಿಗೆ ಹೋಲಿಸುತ್ತಾರೆ. (ಅದು ಹೇಗಿರುತ್ತೆ ಅಂತ ಆಮೇಲೆ ಹುಡುಕಿ ನೋಡಿದೆ.) ಕಾಯಿಲೆಯ ಹೆಸರು ಮ್ಯೂಕಾಯ್ಡ್ ಡಿಜನರೇಶನ್. ಎಳೆಗಳ ನಡುವೆ ಲೋಳೆಯಂಥದ್ದು ತುಂಬಿಕೊಳ್ಳುತ್ತೆ. ಮಡಚಿದಾಗ ಒಳಗೆ ಜಾಗ ಸಾಲದೆ ಒತ್ತುತ್ತೆ, ಅದೇ ನೋವು.

ಫಿಸಿಯೋಥೆರಪಿಯಿಂದ ಅಷ್ಟೇನೂ ಕಡಿಮೆ ಆಗಲಿಲ್ಲ. ಕೊನೆಗೆ ಆರ್ತ್ರೋಸ್ಕೋಪಿ. ಸಣ್ಣ ತೂತು ಮಾಡಿ, ಕೆಟ್ಟ ಭಾಗ ಮಾತ್ರ ಕೆರೆದು, ಗಟ್ಟಿ ಎಳೆಗಳನ್ನು ಹಾಗೇ ಬಿಟ್ಟರು. ಕೆಲವರಿಗೆ ಮೂಳೆಯ ಅಂಚನ್ನೂ ಸ್ವಲ್ಪ ಕೆತ್ತಿ ಜಾಗ ಮಾಡುತ್ತಾರೆ, ನನಗೆ ಬೇಕಾಗಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಕೆಳಗೆ ಬಿದ್ದ ಬೀಗದ ಕೈ ಎತ್ತಲು ಕುಕ್ಕರಗಾಲಲ್ಲಿ ಕೂತೆ. ಕೂತ ಮೇಲೇ ನೆನಪಾಗಿದ್ದು, ಹೀಗೆ ಕೂರಲು ಆಗ್ತಿರಲಿಲ್ಲ ಅಲ್ವಾ ಅಂತ.

ಉತ್ತರ 2:
ಇನ್ನೊಂದು ಮುಖವೂ ಗೊತ್ತಿರಲಿ. ನನ್ನ ಅಣ್ಣನಿಗೂ ಇದೇ ಆಪರೇಷನ್ ಆಯ್ತು. ನೋವು ಹೋಯಿತು, ಆದರೆ ಮಂಡಿ ಸ್ವಲ್ಪ ಸಡಿಲ. ನಡೆಯಲು ತೊಂದರೆಯಿಲ್ಲ, ಫುಟ್‌ಬಾಲ್ ಮಾತ್ರ ಬಿಟ್ಟ. ಎಷ್ಟು ಕೆರೆಯುತ್ತೀರಿ, ಎಷ್ಟು ಉಳಿಸುತ್ತೀರಿ ಅಂತ ಮೊದಲೇ ಕೇಳಿ.

ಉತ್ತರ 3:
ಈ ವಯಸ್ಸಿನಲ್ಲಿ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ), ಕಾರ್ಟಿಲೇಜ್ (ಮೂಳೆ ತುದಿಯ ನುಣುಪು ಪದರ) ಕೂಡ ಸವೆದಿರಬಹುದು. ನೋವು ಅಲ್ಲಿಂದಲೇ ಬರ್ತಿದ್ರೆ ಲಿಗಮೆಂಟ್ ಕೆರೆದು ಏನು ಬಂತು? ಅದನ್ನೂ ವಿಚಾರಿಸಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಅಮ್ಮನನ್ನು ಕೇಳಿದೆ. ಮೆಟ್ಟಿಲು ಇಳಿಯುವಾಗ ಮಂಡಿ ಒಂದು ಸಲವೂ ಜಾರಿಲ್ಲವಂತೆ. ಮೂಳೆ ಎಳೆದು ನೋಡಿದ್ರಾ ಅಂದರೆ, "ಕಾಲು ಮುಟ್ಟೇ ಇಲ್ಲ, ಫಿಲ್ಮ್ ಮಾತ್ರ ನೋಡಿದ್ರು" ಅಂದರು.