ಪದ ಬೇಕು: ಬ್ಲೇಜಾರ್ ಜೆಟ್ಟಿನ ರೇಡಿಯೋ ವೇರಿಯಬಿಲಿಟಿಗೆ ಏನಂತೀರಿ?

ಎಲ್ರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೀತಿದೀನಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. ವಿಷ್ಯ 3ಸಿ 273, 3ಸಿ 279 ಥರದ ಬ್ಲೇಜಾರ್‌ಗಳು, ಗ್ಯಾಲಕ್ಸಿ ನಡುವಿನ ದೈತ್ಯ ಕಪ್ಪುಕುಳಿಯ ಕಡೆಯಿಂದ ಹೊರಡೋ ಜೆಟ್ಟು (ಕಣಗಳ ವೇಗದ ಧಾರೆ) ಹೆಚ್ಚುಕಮ್ಮಿ ನಮ್ಮ ಕಡೆಗೇ ಮುಖ ಮಾಡಿರತ್ತಲ್ಲ, ಅವು. ಅದರ ರೇಡಿಯೋ ಪ್ರಕಾಶ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆಗ್ತಿರತ್ತೆ, 37 ಗಿಗಾಹರ್ಟ್ಸ್‌ನಲ್ಲಿ ಮೊದಲು ಜೋರಾಗಿ ಉಕ್ಕತ್ತೆ, 5 ಗಿಗಾಹರ್ಟ್ಸ್‌ನಲ್ಲಿ ತಡವಾಗಿ, ಸಾಮಾನ್ಯವಾಗಿ ಸಣ್ಣದಾಗಿ. ಇದಕ್ಕೆ ಚಂಚಲತೆ ಅಂತ ಬರ್ದೆ, ಯಾರದೋ ಮನಸ್ಸಿನ ವಿಷ್ಯ ಅನ್ನೋ ಹಾಗೆ ಕೇಳ್ಸತ್ತೆ. ಮಿನುಗು ಅಂತ ಹಾಕ್ಲಾ? ಫ್ರೀಕ್ವೆನ್ಸಿಗೆ ಆವರ್ತಾಂಕ ಸಾಕಾ?

---

> ಮಿನುಗು ಅಂತ ಹಾಕ್ಲಾ?

ಬೇಡವೇ ಬೇಡ. ನಕ್ಷತ್ರ ಮಿನುಗೋದು ನಮ್ಮ ಗಾಳಿಯಿಂದ. ಬ್ಲೇಜಾರ್‌ಗೂ ಅಂಥದೊಂದು ಬೇರೆ ಇದೆ, ಆಕಾಶಗಂಗೆಯ ಅಯಾನುಗೊಂಡ ಅನಿಲ ದಾಟಿ ಬರುವಾಗ ಕೆಳಗಿನ ಆವರ್ತಾಂಕಗಳಲ್ಲಿ ಕೆಲವು ಸಲ ಗಂಟೆಗಳಲ್ಲೇ ಸಿಗ್ನಲ್ ಅಲ್ಲಾಡತ್ತೆ, ಮಿನುಗು ಅದಕ್ಕಿರಲಿ. ನಿಮ್ಮದು ಜೆಟ್ಟಿನೊಳಗೇ ಆಗೋದು. ಏರಿಳಿತ ಅನ್ನಿ. ಏಱು, ಇೞಿ, ಎರಡೂ ಹಳಗನ್ನಡದ ಅಪ್ಪಟ ಧಾತು, ತಮಿಳಲ್ಲೂ ಹಾಗೇ ಉಳಿದಿವೆ.

---

ಏರಿಳಿತ ಸರಿ. ಆವರ್ತಾಂಕ ಯಾಕೆ? ಆವರ್ತ ಅಂದ್ರೆ ನೀರಿನ ಸುಳಿ, ಅಲೆಗೂ ಸುಳಿಗೂ ಏನು ಸಂಬಂಧ. ಅಲೆಯೆಣಿಕೆ ಅನ್ನಿ, ಜೆಟ್ಟಿಗೆ ಚಿಮ್ಮುಗೆ ಅನ್ನಿ. ಕನ್ನಡದಲ್ಲಿ ಬೇರು ಇರೋವಾಗ ಕಡ ತರೋದು ಸೋಮಾರಿತನ.

---

ಅಲೆಯೆಣಿಕೆ ಅಂತ ಈ ನಮ್ಮ ಗುಂಪು ಬಿಟ್ರೆ ಹೊರಗೆ ಯಾರೂ ಅನ್ನಲ್ಲ. ಬ್ಲೇಜಾರ್ ಅನ್ನೋದೇ 1978ರಲ್ಲಿ ಖಗೋಳ ವಿಜ್ಞಾನಿ ಎಡ್ ಸ್ಪೀಗಲ್ ಬಿಎಲ್ ಲ್ಯಾಸರ್ಟೆ (ಇಂಥದೇ ಒಂದು ಕಾಯ), ಕ್ವೇಸಾರ್ (ದೂರದ ಗ್ಯಾಲಕ್ಸಿಯ ಪ್ರಖರ ನಡುಭಾಗ) ಎರಡನ್ನೂ ಕೂಡಿಸಿ ಕಟ್ಟಿದ ಹೆಸರು, ಬಿಎಲ್ ಲ್ಯಾಸರ್ಟೆನ ಮೊದಲು ನಮ್ಮ ಗ್ಯಾಲಕ್ಸಿಯದೇ ನಕ್ಷತ್ರ ಅಂದ್ಕೊಂಡಿದ್ರು, ಆದ್ರೂ ಹೆಸರು ಯಾರೂ ಬದಲಾಯಿಸ್ಲಿಲ್ಲ. ಬಳಕೆ ಮುಖ್ಯ.

---

ಬಳಕೆ ತಾನಾಗಿ ಬರಲ್ಲ ಸ್ವಾಮಿ, ತರಬೇಕು. 1935ರಲ್ಲಿ ಮೈಸೂರಲ್ಲಿ ಆಕಾಶವಾಣಿ ಅಂತ ಧೈರ್ಯವಾಗಿ ಇಟ್ರು, ಆಮೇಲೆ ದೇಶವೇ ತಗೊಳ್ತು.

---

ಆಕಾಶವಾಣಿ ಸಂಸ್ಕೃತ. ನಿಮ್ಮ ವಾದಕ್ಕೆ ನೀವೇ ಉತ್ತರ ಕೊಟ್ರಿ.

---

ಜಗಳ ಆಮೇಲೆ ಆಡಿ, ಫಲಕ ನಾಳೆ ಹೋಗ್ಬೇಕು. ತಡ ಯಾಕೆ ಅಂತ ಬರೀದಿದ್ರೆ ಯಾವ ಪದ ಹಾಕಿದ್ರೂ ಓದೋರಿಗೆ ತಲೆಗೆ ಹೋಗಲ್ಲ. ಜೆಟ್ಟಿನ ಬುಡದ ಕಡೆ ಎಲೆಕ್ಟ್ರಾನುಗಳು ತಾವು ಸೂಸಿದ ಕೆಳಗಿನ ಆವರ್ತಾಂಕದ ಅಲೆಗಳನ್ನ ತಾವೇ ಹೀರ್ಕೊಳ್ತವೆ, ಈ ಉಕ್ಕು ತರೋ ಆಘಾತ ತರಂಗ ಜೆಟ್ಟಿನಲ್ಲಿ ಮುಂದೆ ಸಾಗಿ, ಆ ಭಾಗ ಹಿಗ್ಗಿ ತೆಳುವಾದ ಮೇಲೇ ಅವು ಹೊರಗೆ ಬರೋದು. ಹೀಗೆ ಹಾಕಿ: "ಜೆಟ್ಟಿನ ರೇಡಿಯೋ ಪ್ರಕಾಶದ ಏರಿಳಿತ: ಹೆಚ್ಚಿನ ಆವರ್ತಾಂಕದಲ್ಲಿ ಮೊದಲು, ಕಡಿಮೆ ಆವರ್ತಾಂಕದಲ್ಲಿ ತಡವಾಗಿ."

---

ಪ್ರಕಾಶ ಉಳಿಸ್ಕೊಂಡ್ರಲ್ಲ. ಹೊಳಪು ಅನ್ನಿ.

---

ಹೊಳಪು ಪಾತ್ರೆಗೆ. ಇಲ್ಲಿ ಜಾನ್‌ಸ್ಕಿ (ರೇಡಿಯೋ ಖಗೋಳದ ಅಳತೆಯ ಮಾನ) ಲೆಕ್ಕದಲ್ಲಿ ಅಳೀತಿರೋದು ನಮ್ಮನ್ನ ಮುಟ್ಟೋ ಶಕ್ತಿನ. ಪ್ರಕಾಶ ಇರ್ಲಿ.