ಪದಚರ್ಚೆ: ‘ಆಸ್ತಿ’ಯ ಎದುರಿಗೆ ಹೊಣೆಯೋ, ಬಾಧ್ಯತೆಯೋ, ಜವಾಬ್ದಾರಿಯೋ?

ಪ್ರಶ್ನೆ:

ಮಾನ್ಯರೇ, ಮೂಡಿಗೆರೆ, ಸಕಲೇಶಪುರ ಕಡೆಯ ಸಣ್ಣ ಕಾಫಿ ಬೆಳೆಗಾರರಿಗಾಗಿ ಲೆಕ್ಕ ಬರೆಯುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ಅಸೆಟ್’, ‘ಲಯಬಿಲಿಟಿ’ಗಳಿಗೆ ಪದ ಗೊತ್ತುಮಾಡಬೇಕಿದೆ. ವಾಣಿಜ್ಯದ ಪುಸ್ತಕಗಳಲ್ಲಿ ಆಸ್ತಿ–ಹೊಣೆಗಾರಿಕೆ ಎಂದಿದೆ, ಸಹಕಾರ ಸಂಘಗಳ ವರದಿಗಳಲ್ಲಿ ಆಸ್ತಿ–ಜವಾಬ್ದಾರಿ, ಕೆಲವು ಅನುವಾದಗಳಲ್ಲಿ ಸ್ವತ್ತು–ಬಾಧ್ಯತೆ. ಆಸ್ತಿ ಎಂದರೆ ಓದುವವರು ಜಮೀನು, ಮನೆ ಎಂದಷ್ಟೇ ತಿಳಿಯುತ್ತಾರೆ. ಇನ್ನು ಲಯಬಿಲಿಟಿಗೆ ಸೀದಾ ‘ಸಾಲ’ ಎಂದೇ ಬರೆದರೆ ಆಗದೇ?

ಉತ್ತರ 1:

‘ಆಸ್ತಿ’ಯನ್ನೇ ಇಟ್ಟುಕೊಳ್ಳಿ. ಅರ್ಥ ಹಿಗ್ಗಿಸಬೇಕು, ನಿಜ, ಆದರೆ ‘ಸ್ವತ್ತು’ ಇನ್ನೂ ಇಕ್ಕಟ್ಟಾದ ಪದ. ಅದರ ‘ಸ್ವ’ದಲ್ಲೇ ‘ತನ್ನದು’ ಎಂಬ ಅರ್ಥವಿದೆ. ಪಂಚಾಯಿತಿಗಳಿಗೆ ಇ-ಸ್ವತ್ತು (ಹಳ್ಳಿಯ ಆಸ್ತಿಗಳ ಕಂಪ್ಯೂಟರ್ ದಾಖಲೆ) ಬಂದ ಮೇಲಂತೂ ಅದು ನಮೂನೆ 9, ನಮೂನೆ 11ರ ಮನೆ-ನಿವೇಶನಗಳಿಗೆ ಅಂಟಿಕೊಂಡುಬಿಟ್ಟಿದೆ. ಲೆಕ್ಕಪತ್ರದಲ್ಲಿ ಮುಖ್ಯವಾದದ್ದು ಒಡೆತನವಲ್ಲ, ಹತೋಟಿ. ಅಂತರರಾಷ್ಟ್ರೀಯ ಲೆಕ್ಕ ಮಾನದಂಡಗಳ 2018ರ ಪರಿಕಲ್ಪನಾ ಚೌಕಟ್ಟು ಹೇಳುವುದೂ ಇದನ್ನೇ: ಹಿಂದೆ ನಡೆದ ಘಟನೆಯ ಫಲವಾಗಿ ಈಗ ಸಂಸ್ಥೆಯ ಹತೋಟಿಯಲ್ಲಿರುವ ಆರ್ಥಿಕ ಸಂಪನ್ಮೂಲವೇ ಆಸ್ತಿ.

ಒಡೆತನ, ವಶ, ಹತೋಟಿ ಈ ಮೂರನ್ನೂ ಕೈಪಿಡಿಯಲ್ಲಿ ಬೇರೆ ಬೇರೆಯಾಗಿ ಬಿಡಿಸಿ ತೋರಿಸಿ. ಬೆಳೆಗಾರರು ಹದ ಮಾಡಿಸಲು ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿದ ಪಾರ್ಚ್‌ಮೆಂಟ್ (ಒಳಪೊರೆ ಸಮೇತ ಒಣಗಿಸಿದ) ಕಾಫಿ ಆ ಗೋದಾಮಿನವರ ವಶದಲ್ಲಿರುತ್ತದೆ, ಆದರೆ ಅವರ ಆಸ್ತಿಯಲ್ಲ. ಮಾರುವ ತೀರ್ಮಾನ ಬೆಳೆಗಾರನದು, ಬೆಲೆ ಬಿದ್ದರೆ ನಷ್ಟವೂ ಅವನದೇ. ಹಾಗಾಗಿ ಮಾರ್ಚ್ 31ಕ್ಕೆ ಅದು ಬೆಳೆಗಾರನ ದಾಸ್ತಾನು. ಚಿಕ್ಕಮಗಳೂರಿನವರು ಮೆಸ್ಕಾಂಗೆ, ಹಾಸನದವರು ಸೆಸ್ಕ್‌ಗೆ ಕಟ್ಟಿದ ವಿದ್ಯುತ್ ಠೇವಣಿಯನ್ನು ಪುಸ್ತಕದಲ್ಲಿ ಖರ್ಚೆಂದು ಬರೆದುಬಿಡುವವರು ತುಂಬ ಇದ್ದಾರೆ. ಸಂಪರ್ಕ ಬಿಟ್ಟಾಗ ಹಿಂದಿರುಗಿ ಬರುವ ಹಣವಾದ್ದರಿಂದ ಅದೂ ಆಸ್ತಿಯೇ.

‘ಬಾಧ್ಯತೆ’ಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಕ್ರಯಪತ್ರ, ವಿಭಾಗಪತ್ರಗಳಲ್ಲಿ ‘ಹಕ್ಕುಬಾಧ್ಯತೆ’, ‘ಬಾಧ್ಯಸ್ಥರು’ ಎಂಬುದನ್ನು ಓದಿದವರಿಗೆ ಬಾಧ್ಯತೆ ಎಂದರೆ ಹಕ್ಕಿನ ಕಡೆಯ ಮಾತು, ಪಾಲು ಕೇಳುವವನ ಮಾತು. ಅದೇ ಪದವನ್ನು ಕೊಡಬೇಕಾದ್ದಕ್ಕೆ ಹಾಕಿದರೆ ಅರ್ಥ ತಲೆಕೆಳಗಾಗುತ್ತದೆ. ‘ಜವಾಬ್ದಾರಿ’ ತಪ್ಪಲ್ಲ, ಸಡಿಲ. ಮಗಳ ಮದುವೆಯೂ ಜವಾಬ್ದಾರಿಯೇ, ಕಾರ್ಯದರ್ಶಿಯ ಹುದ್ದೆಯೂ ಜವಾಬ್ದಾರಿಯೇ. ‘ಹೊಣೆ’ ನನಗೆ ಒಪ್ಪುವ ಪದ. ಕಟ್ಟು, ಕರಾರು, ಜಾಮೀನು ಎಂಬ ಅದರ ಹಳೆಯ ಅರ್ಥದಲ್ಲೇ ಬಿಗಿ ಇದೆ.

ಆ ಹಳೆಯ ಅರ್ಥದಿಂದಲೇ ಒಂದು ತೊಡಕೂ ಬರುತ್ತದೆ. ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತವನನ್ನು ನಾವು ಹೊಣೆಗಾರ ಎನ್ನುತ್ತೇವೆ. ಆದರೆ ಸಾಲ ಪಡೆದವನು ಕಂತು ಸರಿಯಾಗಿ ಕಟ್ಟುತ್ತಿರುವವರೆಗೆ ಜಾಮೀನಿನ ಮೊತ್ತ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟಿನ) ಹೊಣೆಯಲ್ಲಿ ಸೇರುವುದಿಲ್ಲ. ‘ಸಂಭವನೀಯ ಹೊಣೆ’ ಎಂದು ಕೆಳಗೆ ಟಿಪ್ಪಣಿಯಲ್ಲಿ ಬರುತ್ತದೆ. ಅವನು ಕೈಚೆಲ್ಲಿ, ಹಣವನ್ನು ಜಾಮೀನು ನಿಂತವನೇ ಕಟ್ಟಬೇಕಾದ ಸಂಭವ ಹೆಚ್ಚಾದಾಗ ಅಂದಾಜು ಮೊತ್ತವನ್ನು ಹೊಣೆಯಾಗಿ ತೋರಿಸಬೇಕು. ಕೈಪಿಡಿಯಲ್ಲಿ ಇದಕ್ಕೊಂದು ಸಾಲು ಮೀಸಲಿಡಿ.

ಬರೀ ‘ಸಾಲ’ ಎಂದರೆ ಸಾಲದೆಂಬುದಕ್ಕೆ ತೋಟದ ಲೆಕ್ಕವೇ ಸಾಕ್ಷಿ. ಕೊಯ್ಲಿಗೆ ಮೊದಲೇ ವ್ಯಾಪಾರಿಯಿಂದ ಪಡೆದ ಮುಂಗಡವನ್ನು ಯಾರೂ ಸಾಲ ಎನ್ನುವುದಿಲ್ಲ, ತೀರಿಸುವುದು ಕಾಫಿ ಕೊಟ್ಟು. ಆದರೂ ಕಾಫಿ ತೂಗಿ ಕೊಡುವವರೆಗೆ ಅದು ಹೊಣೆ, ಆದಾಯವಲ್ಲ. ಮಾರ್ಚ್ ಕೊನೆಯ ವಾರದ ಕೂಲಿ, ಕೊಡದೆ ಉಳಿದ ಬೋನಸ್, ಗೊಬ್ಬರದಂಗಡಿಯ ಉದ್ರಿ ಎಲ್ಲವೂ ಹೊಣೆಯೇ. ಆರ್ಡರ್ ಕೊಟ್ಟು ಇನ್ನೂ ಬಾರದ ಗೊಬ್ಬರದ ಬೆಲೆ ಮಾತ್ರ ಹೊಣೆಯಲ್ಲ.

ಅತಿ ಹೆಚ್ಚು ತಪ್ಪಾಗುವುದು ಸಾಲದ ಟ್ರ್ಯಾಕ್ಟರಿನಲ್ಲಿ. ‘ಸಾಲದ ಗಾಡಿ, ಆಸ್ತಿ ಹೇಗಾಗುತ್ತದೆ’ ಎಂದು ಅದನ್ನು ಬಿಟ್ಟೇಬಿಡುವವರಿದ್ದಾರೆ, ಸಾಲ ಕಳೆದು ಉಳಿದದ್ದನ್ನು ಬರೆಯುವವರಿದ್ದಾರೆ. ಎರಡೂ ಸಲ್ಲದು. 8,00,000 ರೂಪಾಯಿಯ ಟ್ರ್ಯಾಕ್ಟರಿಗೆ ಶೇ. 15ರ ಸವಕಳಿ 1,20,000 ಕಳೆದು 6,80,000 ಆಸ್ತಿಯಲ್ಲಿ ಬರಬೇಕು. ಉಳಿದ ಅಸಲು 5,00,000 ಹೊಣೆಯಲ್ಲಿ. ಬಡ್ಡಿ ವರ್ಷಕ್ಕೆ ಶೇ. 9, ಡಿಸೆಂಬರ್ 31ರವರೆಗೆ ಕಟ್ಟಿದೆ ಎಂದಾದರೆ ಮೂರು ತಿಂಗಳ 11,250 ರೂಪಾಯಿಯನ್ನೂ ಹೊಣೆಗೆ ಸೇರಿಸಿ. ಮುಂದಿನ ಕಂತುಗಳನ್ನೆಲ್ಲ ಒಟ್ಟುಗೂಡಿಸಿ ಬರೆಯಬಾರದು, ಅದರಲ್ಲಿ ಇನ್ನೂ ಹುಟ್ಟದ ಬಡ್ಡಿಯಿದೆ.

ಗಿಡದ ವಿಷಯವನ್ನು ಬೇರೆ ಅಧ್ಯಾಯ ಮಾಡಿ. 2016ರಲ್ಲಿ ಪರಿಷ್ಕೃತವಾದ ಭಾರತದ ಎಎಸ್ 10 ಲೆಕ್ಕ ಮಾನದಂಡ ಫಲ ಹೊರುವ ಗಿಡಗಳನ್ನು ಯಂತ್ರ, ಕಟ್ಟಡಗಳ ಸಾಲಿಗೆ ಸೇರಿಸಿದೆ. ಗುಂಡಿ, ಸಸಿ, ನೆಡುವ ಕೂಲಿ, ಫಸಲು ಹಿಡಿಯುವವರೆಗಿನ ಕಳೆ-ಗೊಬ್ಬರ ಎಲ್ಲ ಗಿಡದ ಬೆಲೆಗೆ ಕೂಡುತ್ತವೆ. ಫಸಲು ಶುರುವಾದ ಮೇಲೆ ಅದೇ ಕಳೆ-ಗೊಬ್ಬರ ಆ ವರ್ಷದ ಖರ್ಚು, ಗಿಡಕ್ಕೆ ಸವಕಳಿಯೂ ಶುರು. ನೆರಳಿಗೆಂದು ನೆಟ್ಟ ಸಿಲ್ವರ್ ಓಕನ್ನು ಮುಂದೆ ನಾಟಾಕ್ಕೆ ಕಡಿದು ಮಾರುವ ಉದ್ದೇಶವಿದ್ದರೆ ಅದು ಈ ಗುಂಪಿಗೆ ಸೇರುವುದಿಲ್ಲ, ಮೈತುಂಬ ಮೆಣಸಿನ ಬಳ್ಳಿ ಹಬ್ಬಿದ್ದರೂ.

ಉತ್ತರ 2:

ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಬರೆಯುವವರು ಎಡವುವುದು ಶೀರ್ಷಿಕೆಯಲ್ಲಲ್ಲ, ಅದರ ಕೆಳಗಿನ ಸಾಲುಗಳಲ್ಲಿ. ನಮ್ಮ ಬಾಕಿ, ಮುಂಗಡ, ಠೇವಣಿ, ಸಾಲ ಈ ಯಾವ ಪದವೂ ಹಣ ಯಾವ ಕಡೆಗೆ ಹರಿಯುತ್ತದೆಂದು ಹೇಳುವುದಿಲ್ಲ. ‘ಮುಂಗಡ 40,000’ ಎಂದಷ್ಟೇ ಬರೆದರೆ ಅದು ಕೂಲಿಯವರಿಗೆ ಕೊಟ್ಟದ್ದೋ ವ್ಯಾಪಾರಿಯಿಂದ ಪಡೆದದ್ದೋ ಹೇಗೆ ತಿಳಿಯಬೇಕು? ‘ಸಾಲಗಾರ’ ಇನ್ನೂ ಕಷ್ಟ. ಸಾಲಗಾರರ ಕಾಟ ಎಂದಾಗ ಕೊಟ್ಟವರು, ಸಂಘದ ಸಾಲಗಾರ ಸದಸ್ಯ ಎಂದಾಗ ಪಡೆದವರು. ಋಣಿ (ಪಡೆದವನು), ಧನಿ (ಕೊಟ್ಟವನು) ಎಂಬ ಪುಸ್ತಕದ ಜೋಡಿ ಸ್ಪಷ್ಟವಾಗಿದೆ, ಆದರೆ ‘ಧನಿ’ ಎಂದರೆ ತೋಟದ ಕಡೆ ಯಜಮಾನ ಎಂದಾಗಿಬಿಡುತ್ತದೆ.

ಆದ್ದರಿಂದ ಪ್ರತಿ ಸಾಲಿಗೂ ಕ್ರಿಯಾಪದ ಹಚ್ಚಿ. ಕೊಟ್ಟ ಮುಂಗಡ, ಕಟ್ಟಿದ ಠೇವಣಿ, ಬರಬೇಕಾದ ಬಾಕಿ ಆಸ್ತಿಗೆ. ಪಡೆದ ಮುಂಗಡ, ಇರಿಸಿಕೊಂಡ ಠೇವಣಿ, ಕೊಡಬೇಕಾದ ಬಾಕಿ ಹೊಣೆಗೆ. ಹಾಲಿನ ಸಂಘಗಳ ಲೆಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಾರ್ಚ್ ಕೊನೆಯ ಹಾಲಿಗೆ ಒಕ್ಕೂಟದಿಂದ ಬರಬೇಕಾದ ಹಣ ಸಂಘದ ಆಸ್ತಿ, ಅದೇ ಹಾಲಿಗೆ ಉತ್ಪಾದಕರಿಗೆ ಕೊಡಬೇಕಾದ ಬಟವಾಡೆ ಸಂಘದ ಹೊಣೆ. ಎರಡನ್ನೂ ‘ಹಾಲಿನ ಬಾಕಿ’ ಎಂದು ಬರೆದರೆ ಒಂದರಲ್ಲಿ ಇನ್ನೊಂದು ಕಳೆದುಹೋಗಿ ತಾಳೆಪಟ್ಟಿಯಲ್ಲಿ (ಟ್ರಯಲ್ ಬ್ಯಾಲೆನ್ಸಿನಲ್ಲಿ) ವ್ಯತ್ಯಾಸದ ಮೊತ್ತವಷ್ಟೇ ಉಳಿಯುತ್ತದೆ. ತಾಳೆ ಕೂಡುತ್ತದೆ, ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಷೇರು ಹಣದ ಬಗ್ಗೆಯೂ ಸದಸ್ಯರು ಕೇಳಿಯೇ ಕೇಳುತ್ತಾರೆ: ನಮ್ಮ ಹಣ ಜವಾಬ್ದಾರಿಯ ಕಡೆ ಏಕೆ ಬಂತು ಎಂದು. ಆ ಬದಿಗೆ ‘ಬಂಡವಾಳ ಮತ್ತು ಹೊಣೆ’ ಎಂದು ಎರಡೂ ಪದ ಹಾಕಿ, ಷೇರು ಮತ್ತು ನಿಧಿಗಳನ್ನು ಮೇಲೆ, ಹೊರಗಿನವರಿಗೆ ಕೊಡಬೇಕಾದ್ದನ್ನು ಕೆಳಗೆ ಬರೆಯಿರಿ. 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಯ ನಮೂನೆಯಲ್ಲಿಯೂ ಕ್ರಮ ಹೀಗೆಯೇ ಇದೆ.